ಅಬ್ಬೆಯ ಶೋಭಾನೆಗೆ ಬಿದ್ದ ಬೀಗ

ಮನ್ನೆ ತಂಗೆಯ ಮಗಳ ಮದುವೆ ಮಾತುಕತೆಗೆ ಎಂಗೊ ಎಲ್ಲ ಸೇರಿಪ್ಪಗ ವೀಡಿಯೊದವರ ವಿಷಯ ಬಂತು. ಎಷ್ಟು ಕೆಮರ, ಡ್ರೋನು ಬೇಕೊ ಬೇಡದೊ, ಆಲ್ಬಮ್ಮಿಂಗೆ ಎಷ್ಟು ಪುಟ, ಎಲ್ಲವೂ ಮಾತಾಡಿ ಆತು. ಆನು ಒಂದೇ ಪ್ರಶ್ನೆ ಕೇಳಿದೆ, "ಅಕೇರಿಗೆ ಅವು ನವಗೆ ಕೊಡುದು ಯಾವ ನಮುನೆ ಫೈಲು?" ಎಲ್ಲೋರೂ ಎನ್ನ ಮೋರೆ ನೋಡಿದವು. ಭಾವ° ನೆಗೆ ಮಾಡಿದ°. "ಅತ್ತಿಗೆ ಈಗ ಕಂಪ್ಯೂಟರು ಇಂಜಿನಿಯರು ಆಯಿದು" ಹೇಳಿದ°.

ಇಂಜಿನಿಯರು ಎಲ್ಲ ಆಯಿದಿಲ್ಲೆ. ಪಿಯುಸಿ ಓದಿ ಒಲೆ ಬುಡಕ್ಕೆ ಬಂದ ಜೆನ ಆನು. ಆದರೆ ಎನ್ನ ಕಪಾಟಿಲಿ ಮೂರು ಸಣ್ಣ ಡಿಸ್ಕು ಇದ್ದು, ಅದು ಕಲಿಶಿದ ಪಾಠ ಇದು.

2007ಲ್ಲಿ ಬೆಳ್ತಂಗಡಿ ಹೊಡೆಲಿ ಎನ್ನ ಅಪ್ಪನ ಮನೆಲಿ ಅಣ್ಣನ ಮಗನ ಉಪನಯನ ಆತು. ಗಲ್ಫಿಲಿ ಇದ್ದ ಸಣ್ಣ ಅಣ್ಣ° ಒಂದು ಹೊಸ ಕೆಮರ ತಯಿಂದ°. ಅದಕ್ಕೆ ಕೆಸೆಟ್ಟು ಇಲ್ಲೆ, ಅಂಗೈಯಷ್ಟಕ್ಕೆ ಇಪ್ಪ ಡಿಸ್ಕು. ಒಂದು ಡಿಸ್ಕಿಲಿ ಅರ್ಧ ಗಂಟೆ. ಮಾಣಿಗೆ ಎಣ್ಣೆ ಅರುಶಿನ ಹಚ್ಚುವಗ ಅಬ್ಬೆ ಕೂದು ಶೋಭಾನೆ ಹೇಳಿತ್ತು. ಎಂಗಳ ಅಬ್ಬೆಯ ಸ್ವರ ಗೊಂತಿಪ್ಪೋರಿಂಗೆ ಗೊಂತಿದ್ದು, ಮೈಕು ಬೇಡ, ಜಾಲಿನ ಅತ್ಲಾಗಿಯಾಣ ಕರೆಗೆ ಕೇಳುಗು. ಪುಸ್ತಕಲ್ಲಿ ಇಲ್ಲದ್ದ ಹಾಡುಗೊ ಸುಮಾರು ಇತ್ತು ಅದರತ್ರೆ, ಅಜ್ಜಿಯ ಬಾಯಿಂದ ಬಂದದು. ಎಂಗೊ ಅಕ್ಕತಂಗೆಕ್ಕೊ ಆರೂ ಕಲ್ತಿದಿಲ್ಲೆಯೊ°. ಕಲಿವಲೆ ಸಮಯ ಇದ್ದನ್ನೆ ಹೇಳಿ ಗ್ರೇಶಿದ್ದು. 2015ಲ್ಲಿ ಅಬ್ಬೆ ಹೋತು.

ವರ್ಷಾಂತ ಕಳುದಿಕ್ಕಿ ಆ ಡಿಸ್ಕುಗಳ ನೆಂಪಾತು. ಮನೆಯ ಡಿವಿಡಿ ಪ್ಲೇಯರಿಂಗೆ ಹಾಕಿದೆ, ತಿರುಗಿತ್ತು, ತಿರುಗಿತ್ತು, "ಡಿಸ್ಕು ಇಲ್ಲೆ" ಹೇಳಿತ್ತು. ಕಂಪ್ಯೂಟರಿಂಗೆ ಹಾಕಿರೆ ಖಾಲಿ ಹೇಳಿ ತೋರ್ಸಿತ್ತು. ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಅವು ಎರಡು ದಿನ ಮಡಗಿಕ್ಕಿ, "ಅಕ್ಕ, ಇದರೊಳ ಎಂತದೂ ಇಲ್ಲ, ಬಿಸಾಡಿ" ಹೇಳಿ ತಿರುಗಿ ಕೊಟ್ಟವು. ಬಿಸಾಡ್ಲೆ ಮನಸ್ಸು ಬಯಿಂದಿಲ್ಲೆ.

ವಿಷಯ ಎಂತ ಹೇಳ್ರೆ, ಆ ಕೆಮರಲ್ಲಿ ತೆಗದು ಮುಗುದ ಮೇಲೆ ಒಂದು ಕೊನೆಯ ಕೆಲಸ ಮಾಡೆಕ್ಕಡ. ಡಿಸ್ಕಿನ ಒಳ ಎಲ್ಲಿ ಎಂತ ಇದ್ದು ಹೇಳುವ ಪಟ್ಟಿಯ ಬರದು ಮುಚ್ಚೆಕ್ಕಡ. ಅದರ ಮಾಡದ್ದರೆ ಆ ಕೆಮರ ಒಂದಕ್ಕೇ ಅದು ಓದುಲೆ ಎಡಿಗು, ಬೇರೆ ಯಾವ ಮಿಷನಿಂಗೂ ಎಡಿಯ. ಕೆಮರ ಮಳೆಗಾಲಲ್ಲಿ ಬೂಸುರು ಬಂದು ಸತ್ತತ್ತು. ಅಣ್ಣ° ಆ ಕೆಲಸ ಮಾಡಿದ್ದನಿಲ್ಲೆ. ಅವಂಗೆ ಆರೂ ಹೇಳಿದ್ದವಿಲ್ಲೆ. ಎಂಗಳ ಅಬ್ಬೆ, ಎಂಗಳ ಜಾಲು, ಎಂಗಳ ಪೈಸೆಲಿ ತೆಗದ ಡಿಸ್ಕು. ಆದರೆ ಕೀಲಿಕೈ ಒಂದು ಸತ್ತ ಕೆಮರದ ಕೈಲಿ.

ಇಲ್ಲಿ ರಜ ವಿವರ್ಸುತ್ತೆ. ಎನಗೆ ಅರ್ಥ ಅಪ್ಪಲೂ ಸುಮಾರು ದಿನ ಹಿಡುದತ್ತು. ಫೈಲಿನ ಹೆಸರಿನ ಕೊನೆಗೆ ಒಂದು ಬಾಲ ಇರ್ತಲ್ಲದೊ, ಎಂಪಿ4, ಎಂಕೆವಿ, ಎವಿಐ ಹೇಳಿಗೊಂಡು, ಅದು ಭರಣಿಯ ಹೆಸರು. ಒಳ ಇಪ್ಪ ಉಪ್ಪಿನಕಾಯಿ ಬೇರೆ. ವೀಡಿಯೊವ ಹಾಂಗೇ ಮಡಗಿರೆ ಯಾವ ಡಿಸ್ಕಿಲಿಯೂ ಜಾಗೆ ಸಾಕಾಗ. ಹಲಸಿನ ಹಣ್ಣಿನ ಮಾಂಬಳ ಮಾಡ್ತ ಹಾಂಗೆ ಹಿಂಡಿ ಒಣಗ್ಸಿ ಮಡಗುತ್ತವು, ನೋಡುವಗ ಪುನಾ ಬಿಡುಸುತ್ತವು. ಆ ಹಿಂಡುವ ಕ್ರಮಕ್ಕೆ ಕೊಡೆಕ್ ಹೇಳಿ ಹೆಸರು. ಹಾಂಗಾಗಿ ಭರಣಿ ಒಂದೇ ನಮುನೆ ಇದ್ದರೂ ಒಂದು ಫೈಲು ತೆರೆತ್ತು, ಇನ್ನೊಂದು ತೆರೆತ್ತಿಲ್ಲೆ. ಹಿಂಡಿದ ಕ್ರಮ ಗೊಂತಿಲ್ಲದ್ದ ಮಿಷನಿಂಗೆ ಬಿಡುಸುಲೆ ಅರಡಿಯ.

ಆ ಕ್ರಮವ ಎಲ್ಲೋರಿಂಗೂ ಓದುಲೆ ಸಿಕ್ಕುವ ಹಾಂಗೆ ಬರದು, "ಆರು ಬೇಕಾರೂ ಮಾಡಿಗೊಳ್ಳಿ, ಎಂಗೊಗೆ ಪೈಸೆ ಬೇಡ" ಹೇಳಿರೆ ಅದು ಮುಕ್ತ ಫಾರ್ಮೆಟ್ಟು. ಕಂಪೆನಿ ಗುಟ್ಟು ಮಾಡಿ ಮಡಗಿರೆ, ಅಥವಾ "ಬರದ್ದು ಓದಿ, ಆದರೆ ಮಾಡೆಕ್ಕಾರೆ ರಾಯಧನ ಕೊಡಿ" ಹೇಳಿರೆ ಅದು ಒಬ್ಬನ ಸ್ವತ್ತು. ಅಜ್ಜಿ ಮೇಲಾರ ಮಾಡುವ ಕ್ರಮವ ಬಾಯಿಬಿಟ್ಟು ಹೇಳಿರೆ ನೆರೆಮನೆ ಸೊಸೆಯೂ ಮಾಡುಗು. ಪೇಕೇಟಿನ ಮಸಾಲೆ ಹೊಡಿಯನ್ನೇ ನಂಬಿರೆ, ಆ ಕಂಪೆನಿ ಬಾಗಿಲು ಹಾಕಿದ ದಿನವೇ ಆ ರುಚಿಯೂ ಮುಗುದತ್ತು.

ಬಾಗಿಲು ಹಾಕುದು ಕತೆ ಅಲ್ಲ. ಎಂಗಳ ಕಾಲದ ಮದುವೆಗೊ ಎಲ್ಲ ವಿಎಚ್‌ಎಸ್ ಕೆಸೆಟ್ಟಿಲಿ ಇದ್ದು. ಅದರ ನೋಡುವ ವಿಸಿಆರ್ ಮಾಡಿಗೊಂಡಿದ್ದ ಅಕೇರಿಯಾಣ ಕಂಪೆನಿ, ಜಪಾನಿನ ಫುನಾಯ್, 2016ಲ್ಲಿ ಮಾಡುದು ನಿಲ್ಸಿತ್ತು. ಇಂಟರ್ನೆಟ್ಟಿಲಿ ಒಂದು ಕಾಲಲ್ಲಿ ವೀಡಿಯೊ ಹೇಳ್ರೆ ಫ್ಲಾಶ್ ಹೇಳಿಯೇ ಇತ್ತು. ಅಡೋಬಿ ಕಂಪೆನಿ 2020ರ ದಶಂಬ್ರ 31ಕ್ಕೆ ಅದರ ಮುಗುಶಿತ್ತು. ಅದೇ ಎಂಗಳ ಹಳೆ ಟೇಪು ರೆಕಾರ್ಡಿನ ಕೆಸೆಟ್ಟು ನೋಡಿ. ಫಿಲಿಪ್ಸಿನವು 1963ಲ್ಲಿ ತಂದದು. ಮತ್ತೆ ಬೇರೆ ಕಂಪೆನಿಗೊಕ್ಕೂ ರಾಯಧನ ಇಲ್ಲದ್ದೆ ಮಾಡ್ಲೆ ಬಿಟ್ಟವು. ಹಾಂಗಾಗಿಯೇ ಅದು ಲೋಕ ಇಡೀ ಹಬ್ಬಿದ್ದು. ಶೇಣಿ ಅಜ್ಜನ ಅರ್ಥದ ಕೆಸೆಟ್ಟಿನ ಯಾವ ಕಂಪೆನಿಯ ಟೇಪಿಂಗೆ ಹಾಕಿರೂ ಕೇಳುಗು. ಅಂಬಗ ಎಂಗೊ ಇದೊಂದು ದೊಡ್ಡ ಸಂಗತಿ ಹೇಳಿ ಗ್ರೇಶಿದ್ದೇ ಇಲ್ಲೆ.

ಕನ್ನಡ ಟೈಪು ಮಾಡುದರಲ್ಲಿಯೂ ಇದೇ ಆತಲ್ಲದೊ? ಮದಲು ಪ್ರೆಸ್ಸಿಲಿ ಮಾಡ್ಸಿದ ಮದುವೆ ಕಾಗದದ ಫೈಲಿನ ಈಗ ತೆಗದರೆ, ಆ ಅಕ್ಷರದ ಫಾಂಟು ಇಲ್ಲದ್ದ ಕಂಪ್ಯೂಟರಿಲಿ ಇರುವೆ ಹರದ ಹಾಂಗೆ ಕಾಣ್ತು. ಯೂನಿಕೋಡ್ ಬಂದ ಮೇಲೆ ಆನು ಬಂಟ್ವಾಳಲ್ಲಿ ಕೂದು ಬರದ್ದರ ನಿಂಗೊ ಎಲ್ಲಿ ಕೂದು ಬೇಕಾರೂ ಓದುತ್ತಿ. ಅಕ್ಷರಕ್ಕೆ ಸಿಕ್ಕಿದ ಬಿಡುಗಡೆ ವೀಡಿಯೊಕ್ಕೂ ಸಿಕ್ಕೆಕ್ಕು ಹೇಳುದು ಎನ್ನ ವಾದ.

ರಜ ರಜ ಸಿಕ್ಕುತ್ತಾ ಇದ್ದುದೇ. 2010ಲ್ಲಿ ಗೂಗಲ್ಲಿನವು ಒಂದು ಕಂಪೆನಿಯ ತೆಕ್ಕೊಂಡು, ಅದರ ವೀಡಿಯೊ ಕ್ರಮವ ವೆಬ್‌ಎಂ ಹೇಳಿ ಎಲ್ಲೋರಿಂಗೂ ಬಿಟ್ಟವು. 2013ಲ್ಲಿ ಬಂದ ಎಚ್‌ಇವಿಸಿ ಹೇಳುವ ಕ್ರಮಕ್ಕೆ ಒಂದಲ್ಲ, ಬೇರೆ ಬೇರೆ ಮೂರು ಕೂಟಂಗೊಕ್ಕೆ ರಾಯಧನ ಕೊಡೆಕ್ಕಾದ ಪರಿಸ್ಥಿತಿ ಬಂತು. ದೊಡ್ಡ ದೊಡ್ಡ ಕಂಪೆನಿಗೊಕ್ಕೇ ತಲೆಬೆಶಿ ಆತು. 2015ಲ್ಲಿ ಗೂಗಲ್, ಅಮೆಜಾನ್, ನೆಟ್‌ಫ್ಲಿಕ್ಸ್, ಮೈಕ್ರೋಸಾಫ್ಟ್, ಮೊಜಿಲ್ಲಾ, ಇಂಟೆಲ್, ಸಿಸ್ಕೊ ಎಲ್ಲ ಸೇರಿ ಒಂದು ಒಕ್ಕೂಟ ಮಾಡಿದವು, 2018ಲ್ಲಿ ಎವಿ1 ಹೇಳುವ ರಾಯಧನ ಇಲ್ಲದ್ದ ಕ್ರಮ ತಂದವು. ಇವು ಧರ್ಮಕಾರ್ಯಕ್ಕೆ ಹೆರಟವು ಅಲ್ಲ. ಅವರ ಖರ್ಚು ಅವಕ್ಕೆ ಒಳಿಶೆಕ್ಕಿತ್ತು. ಆದರೆ ಆರದ್ದೋ ಸ್ವಾರ್ಥಕ್ಕೆ ತೋಡಿದ ಬಾವಿಯ ನೀರು ನವಗೂ ಸಿಕ್ಕಿರೆ ಬೇಡ ಹೇಳುಲೆ ಎಂತ ಇದ್ದು?

ಆ ಉಪನಯನದ ಮಾಣಿ ಈಗ ದೊಡ್ಡ ಆಗಿ ಕಂಪ್ಯೂಟರು ಕೆಲಸಲ್ಲಿ ಇದ್ದ°. ಎನ್ನ ಪಾಠದ ಮಾಷ್ಟ್ರ° ಅವನೇ. ಅವ° ರಜ ಕಟ್ಟುನಿಟ್ಟು. ಹಾಳೆ ತಟ್ಟೆ ಮಾಡುವ ವೀಡಿಯೊ ಒಂದರ ತೆಗದು ವಿಕಿಮೀಡಿಯ ಕಾಮನ್ಸಿಂಗೆ ಹಾಕುಲೆ ಹೆರಟಪ್ಪಗ ಫೋನಿನ ಎಂಪಿ4 ಅಲ್ಲಿ ತೆಕ್ಕೊಳ್ತವಿಲ್ಲೆ ಹೇಳಿ ಗೊಂತಾತು, ವೆಬ್‌ಎಂ ಮಾಡಿ ಹಾಕಿದ°. ಅಂದಿಂದ "ಅತ್ತೆ, ಎಂಪಿ4 ಮುಕ್ತ ಅಲ್ಲ, ಎಲ್ಲವನ್ನೂ ಬದಲ್ಸು" ಹೇಳಿ ಎನಗೆ ಹಟ. ಇಲ್ಲಿ ಎನಗೂ ಅವಂಗೂ ಒಪ್ಪಿಗೆ ಇಲ್ಲೆ.

ಎಂಪಿ4ರ ಒಳ ಸಾಮಾನ್ಯ ಇಪ್ಪ ಎಚ್.264 ಹೇಳುವ ಕ್ರಮ 2003ರದ್ದು. ಅದಕ್ಕೆ ಪೇಟೆಂಟು ಇಪ್ಪದು ಅಪ್ಪು. ಫೋನು, ಟೀವಿ ಮಾಡುವವು ಕೊಟ್ಟ ರಾಯಧನ ಅಕೇರಿಗೆ ನಮ್ಮ ಬಿಲ್ಲಿಂಗೇ ಬಕ್ಕು. ಆದರೆ ಆ ಕ್ರಮ ಹೇಂಗೆ ಹೇಳುದರ ಪೂರ್ತಿ ಬರದು ಪ್ರಕಟ ಮಾಡಿದ್ದವು, ಲೋಕದ ಎಲ್ಲ ಮಿಷನಿಂಗೂ ಗೊಂತಿದ್ದು. ಪೇಟೆಂಟು ಹೇಳ್ರೆ ಇಪ್ಪತ್ತು ವರ್ಷದ್ದು, ಒಂದೊಂದೇ ಮುಗುಕ್ಕೊಂಡು ಬತ್ತಾ ಇದ್ದು. ಅದೇ ನಿಂಗೊ ಎವಿ1 ಮಾಡಿ ಮಡಗಿರೆ ನೆರೆಮನೆ ಅಕ್ಕನ ಹಳೆ ಟೀವಿಲಿ ಅದು ಕಾಣ್ತಿಲ್ಲೆ. ಮತ್ತೆ ಒಂದರಿ ಹಿಂಡಿದ್ದರ ಪುನಾ ಬೇರೆ ಕ್ರಮಲ್ಲಿ ಹಿಂಡಿರೆ ರಜ ರಸ ಹೋವುತ್ತು. ಪ್ರತಿ ಸರ್ತಿ ರಜ ರಜ. ವಾಟ್ಸಾಪಿಲಿ ಕಳ್ಸಿದ ವೀಡಿಯೊ ಮಸ್ಕು ಅಪ್ಪದು ಇದಕ್ಕೇ. ಹಾಂಗಾಗಿ ಇಪ್ಪದರ ಮೂಲವ ಮುಟ್ಟದ್ದೆ ಹಾಂಗೇ ಮಡಗೆಕ್ಕು. ಹಳೆ ಕೆಸೆಟ್ಟಿನ ಹಾಂಗೆ ಹೊಸತ್ತಾಗಿ ಕಂಪ್ಯೂಟರಿಂಗೆ ಇಳಿಶುವಗ ಮಾಂತ್ರ ಮುಕ್ತ ಕ್ರಮ ಹಿಡಿಯೆಕ್ಕು. ಎನ್ನ ಮದುವೆ ಕೆಸೆಟ್ಟಿನ ಮಾಣಿ ಹಾಂಗೇ ಇಳಿಶಿದ್ದ°. ಎಂಕೆವಿ ಭರಣಿ, ಒಳ ಎಫ್‌ಎಫ್‌ವಿ1 ಹೇಳುವ ಒಂದು ಹನಿಯೂ ರಸ ಹೋಗದ್ದ ಕ್ರಮ. ಒಂದು ಗಂಟೆಗೆ ಇಪ್ಪತ್ತು ಮೂವತ್ತು ಜಿಬಿ ತಿಂತು. ಅದರಿಂದ ಒಂದು ಸಣ್ಣ ಎಂಪಿ4 ಮಾಡಿ ಎಲ್ಲೋರಿಂಗೂ ಹಂಚಿದೆಯೊ°. ಮಾಣಿಗೆ ಇದು ಪೂರ್ತಿ ಸಮಾಧಾನ ಆಯಿದಿಲ್ಲೆ. ಇರಳಿ.

"ಇಷ್ಟೆಲ್ಲ ಎಂತಕೆ, ಯೂಟ್ಯೂಬಿಂಗೆ ಹಾಕಿ ಬಿಡು, ಅವು ನೋಡಿಗೊಳ್ತವು" ಹೇಳುದು ಎಂಗಳ ಮನೆಯೋರ ವಾದ. ಯೂಟ್ಯೂಬು ಕಿಟಿಕಿ, ಪತ್ತಾಯ ಅಲ್ಲ. ನಾವು ಹಾಕಿದ್ದರ ಅವು ಅವಕ್ಕೆ ಬೇಕಾದ ಹಾಂಗೆ ಹಿಂಡಿ ತೋರ್ಸುತ್ತವು. ಪಾಸ್‌ವರ್ಡು ಗೊಂತಿಪ್ಪ ಜೆನ ಹೋದರೆ ಮನೆಯೋರು ಎಂತ ಮಾಡುಗು? ಎಂಗಳ ಸಂಬಂಧಲ್ಲಿಯೇ ಒಂದು ಮದುವೆಯ ಆಲ್ಬಮ್ಮು ವೀಡಿಯೊ ಎಲ್ಲ ಒಂದು ಆಪಿನ ಒಳ, ಕೋಡು ಹಾಕಿ ನೋಡುವ ಹಾಂಗೆ ಕೊಟ್ಟಿತ್ತಿದ್ದವು. ಭಾರೀ ಚೆಂದ ಇತ್ತು, ಪುಟ ಮೊಗಚ್ಚುವ ಶಬ್ದವೂ ಬಕ್ಕು. ನಾಲ್ಕು ವರ್ಷ ಕಳುದು ಹೊಸ ಫೋನು ತೆಕ್ಕೊಂಡಪ್ಪಗ ಆ ಆಪೇ ಇಲ್ಲೆ. ಆ ಕೂಸು ಎನ್ನತ್ರೆ ಫೋನಿಲಿ ಕೂಗಿತ್ತು. ಅದರ ಅಪ್ಪ° ಮದುವೆಯ ಮರುವರ್ಷ ತೀರಿಹೋಯಿದವು, ಅವು ಧಾರೆ ಎರವ ಚಿತ್ರ ಅದರ ಒಳವೇ ಇದ್ದದು.

ಕಳುದ ವರ್ಷ ಮಗಳ ಮನೆಗೆ ಮೂಡುಬಿದಿರೆಗೆ ಹೋಗಿಪ್ಪಗ ಸಾವಿರ ಕಂಬದ ಬಸದಿ ನೋಡಿಕ್ಕಿ ಗುರು ಬಸದಿಗೂ ಹೋದೆಯೊ°. ಧವಲ, ಜಯಧವಲ, ಮಹಾಧವಲ ಹೇಳುವ ತಾಳೆಗರಿ ಗ್ರಂಥಂಗೊ ಒಳುದ್ದದು ಈ ಊರಿಲಿಯೇ. ಎಂಟುನೂರು ವರ್ಷಕ್ಕೂ ಹೆಚ್ಚು ಹಳತ್ತು. ಭಾಷೆ ಪ್ರಾಕೃತ, ಸಂಸ್ಕೃತ, ಆದರೆ ಬರದ್ದು ಹಳೆಗನ್ನಡ ಲಿಪಿಲಿ. ಬೇರೆ ಎಲ್ಲಿಯೂ ಒಳುದಿದಿಲ್ಲೆ. ಎಂಗಳ ಕರಾವಳಿಯ ಈ ಮಳೆಗೆ, ಒರಳೆಗೆ ಸಿಕ್ಕದ್ದೆ ಒಳಿಶಿದ ಆ ಊರವಕ್ಕೆ ಕೈ ಮುಗಿಯೆಕ್ಕು. ಆದರೆ ಶತಮಾನಗಟ್ಲೆ ಅದು ದರ್ಶನಕ್ಕೆ ಮಾಂತ್ರ ಇತ್ತು, ಓದುಲೆ ಅಲ್ಲ. ಓದುಲೆ ಬಿಟ್ಟರೂ ಆ ಲಿಪಿ ಅರಡಿವವು ಕೈಬೆರಳಿಲಿ ಎಣುಸುವಷ್ಟು ಜೆನ. 1890ರ ದಶಕಲ್ಲಿ ನಾಗರಿ ಲಿಪಿಗೆ ಪ್ರತಿ ಮಾಡುವ ಕೆಲಸ ಸುರು ಆತು, ಮುಗಿವಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾತು. ಆ ಪ್ರತಿಯೂ ಊರು ಬಿಟ್ಟು ಹೆರ ಹೋಪ ಹಾಂಗೆ ಇತ್ತಿಲ್ಲೆ. ಪ್ರತಿ ಮಾಡಿಗೊಂಡಿದ್ದ ಗಜಪತಿ ಉಪಾಧ್ಯಾಯರು ಗುಟ್ಟಿಲಿ ಕನ್ನಡಲ್ಲಿ ಇನ್ನೊಂದು ಪ್ರತಿ ಮಾಡಿದವು. ಅದಕ್ಕೆ ಕೈ ಕೊಟ್ಟದು ಅವರ ಹೆಂಡತಿ, ಓದು ಬರಹ ಗೊಂತಿದ್ದ ಲಕ್ಷ್ಮೀಬಾಯಿ. ಆ ಪ್ರತಿ ದೂರದ ಸಹಾರನ್‌ಪುರಕ್ಕೆ ಹೋತು, ಅಲ್ಲಿ ನಾಗರಿಗೆ ಬರದವು, ಅದರಿಂದ ಮತ್ತೂ ಪ್ರತಿಗೊ ಆತು. 1939ಲ್ಲಿ ಹೀರಾಲಾಲ್ ಜೈನ್ ಹೇಳುವ ವಿದ್ವಾಂಸರು ಅಮರಾವತಿಂದ ಮದಲಾಣ ಸಂಪುಟ ಅಚ್ಚು ಹಾಕ್ಸಿದವು.

ಗುಟ್ಟಿಲಿ ಮಾಡಿದ್ದು ಸರಿಯೊ ತಪ್ಪೊ ಹೇಳುಲೆ ಎನಗೆ ಎಡಿಯ. ಆ ಜಾಗೆಲಿ ನಿಂದಪ್ಪಗ ಎನಗೆ ಕಂಡದು ಆ ಹೆಮ್ಮಕ್ಕೊ. ಚಿಮಿಣಿ ಬೆಣಚ್ಚಿಲಿಯೊ ಎಂತೊ, ಮನೆಗೆಲಸ ಮುಗುಶಿಕ್ಕಿ ಅಕ್ಷರ ಅಕ್ಷರ ಇಳಿಶಿದ್ದು. ಗರಿ ಒಳುದರೆ ಸಾಲ, ಓದುಲೂ ಎಡಿಯೆಕ್ಕು, ಇನ್ನೊಬ್ಬನ ಕೈಗೆ ಹೋಪಲೂ ಎಡಿಯೆಕ್ಕು. ಅಲ್ಲಿಂದ ಬಂದ ಮೇಲೆಯೇ ಆನು ಕಪಾಟಿನ ಆ ಮೂರು ಡಿಸ್ಕಿನ ಮಾಣಿಗೆ ಕಳ್ಸಿದ್ದು.

ಅವಂಗೆ ಹದಿನೈದು ದಿನ ಹಿಡುದತ್ತು. ಪಟ್ಟಿ ಇಲ್ಲದ್ದರೆ ಬೇಡ ಹೇಳಿ, ಡಿಸ್ಕಿನ ಮೇಲಾಣ ಗೆರೆಗಳ ಸುರುವಿಂದ ಅಕೇರಿವರೆಗೆ ಹಾಂಗೇ ಹೆರ್ಕಿ ತೆಗವ ಒಂದು ಪ್ರೋಗ್ರಾಮು ಹಾಕಿದ°. ಹೆರ್ಕಿಯಪ್ಪಗ ಒಳ ಇದ್ದದು ಎಂಪೆಗ್-2, ಡಿವಿಡಿಗೊ ಎಲ್ಲದರಲ್ಲಿಯೂ ಇಪ್ಪ, ಬರದು ಪ್ರಕಟ ಮಾಡಿದ ಕ್ರಮ. ಬೀಗ ಹೆರ ಮಾಂತ್ರ ಇದ್ದದು, ಒಳಾಣದ್ದು ಎಲ್ಲೋರಿಂಗೂ ಗೊಂತಿಪ್ಪದೇ. ಅದರ ವಿಎಲ್‌ಸಿಗೆ ಹಾಕಿದ°, ಆ ಕಿತ್ತಳೆ ಶಂಕುವಿನ ಚಿತ್ರದ ಪ್ಲೇಯರು. ಪೇರಿಸಿನ ಕಾಲೇಜು ಮಕ್ಕೊ ಸುರು ಮಾಡಿದ್ದಡ, 2001ಲ್ಲಿ ಅದರ ಒಳಾಣ ಬರವಣಿಗೆ ಪೂರ ಲೋಕಕ್ಕೇ ಬಿಟ್ಟವಡ. ಆ ಮಕ್ಕೊಗೆ ಬೆಳ್ತಂಗಡಿ ಎಲ್ಲಿದ್ದು ಹೇಳಿ ಗೊಂತಿರ. ಆದರೆ ಅವು ಬರದ್ದರ ಒಳಂದ ಎನ್ನ ಅಬ್ಬೆ ಹೆರ ಬಂತು. ನೀಲಿ ಕರೆಯ ಸೀರೆ, ಕೈಲಿ ಎಣ್ಣೆ ಗಿಂಡಿ, ಹಿಂದಂದ ಆರೋ "ಕಾಪಿ ಆತೊ?" ಕೇಳಿದ್ದು. ಮತ್ತೆ ಸ್ವರ. ಎರಡು ಹಾಡು ಪೂರ್ತಿ ಸಿಕ್ಕಿದ್ದು. ಮೂರನೆಯದು ಸುರು ಆಗಿ ನಾಲ್ಕು ಸಾಲಪ್ಪಗ ಡಿಸ್ಕು ಮುಗುದತ್ತು, ಒಳುದ್ದದು ಮೂರನೇ ಡಿಸ್ಕಿಲಿ.

ಈಗ ಎಂಗಳ ಸಂಬಂಧದ ಹೆಮ್ಮಕ್ಕಳತ್ರೆ ಆನು ಕೇಳುದು ಇಷ್ಟೆ. ಮನೆಯ ಆಲ್ಬಮ್ಮು, ಕೆಸೆಟ್ಟು, ಜಾತಕ ಎಲ್ಲ ಒಳಿಶಿ ಮಡಗುದು ನಮ್ಮ ಕೆಲಸ ಹೇಳಿ ಆಯಿದು, ಆದರೆ ವೀಡಿಯೊದವರತ್ರೆ ಮಾತಾಡುದು ಗೆಂಡುಮಕ್ಕೊ. ಆ ಮಾತಿಲಿ ನಾವುದೇ ಕೂಪ°. ಪೂರ್ತಿ ಪೈಸೆ ಕೊಡುವ ಮದಲೇ ಕೇಳೆಕ್ಕು: ಆಪು ಬೇಡ, ಕೋಡು ಬೇಡ, ಸಾಮಾನ್ಯ ಫೈಲು ಕೊಡಿ, ಎಡಿಟು ಮಾಡಿದ್ದರ ಒಟ್ಟಿಂಗೆ ಕೆಮರಂದ ಬಂದ ಮೂಲವೂ ಬೇಕು. ಪೆನ್‌ಡ್ರೈವಿನ ಅಲ್ಲಿಯೇ ವಿಎಲ್‌ಸಿಗೆ ಹಾಕಿ ತೋರ್ಸಲಿ. ತಂಗೆಯ ಮಗಳ ಮದುವೆಗೆ ಒಪ್ಪಿದ ಮಾಣಿ ಸುರುವಿಂಗೆ, "ಮೂಲ ಕೊಡುವ ಕ್ರಮ ಇಲ್ಲ ಅಕ್ಕ" ಹೇಳಿದ°. ಹಾರ್ಡ್‌ಡಿಸ್ಕಿನ ಪೈಸೆ ಎಂಗೊ ಕೊಡ್ತೆಯೊ° ಹೇಳಿದ ಮೇಲೆ ಒಪ್ಪಿದ°. ಅವಂಗೂ ಜಾಗೆಯ ಖರ್ಚು ಇದ್ದನ್ನೆ, ಅದು ನ್ಯಾಯವೇ.

ಮುಕ್ತ ಫಾರ್ಮೆಟ್ಟು ಆದ ಕೂಡ್ಲೆ ಮಳೆಗಾಲ ಬಿಡ್ತಿಲ್ಲೆ, ಡಿಸ್ಕು ಸಾಯದ್ದೆ ಇರ್ತಿಲ್ಲೆ. ಅಬ್ಬೆಯ ಎರಡು ಹಾಡಿನ ಒಂದು ಪ್ರತಿ ಬಂಟ್ವಾಳಲ್ಲಿ ಎನ್ನತ್ರೆ, ಒಂದು ಬೆಳ್ತಂಗಡಿಲಿ ಅಪ್ಪನ ಮನೆಲಿ, ಒಂದು ಮೂಡುಬಿದಿರೆಲಿ ಮಗಳತ್ರೆ. ಮಗಳು ಆ ಎರಡನ್ನೂ ಬಾಯಿಪಾಠ ಮಾಡ್ತಾ ಇದ್ದು, ತಂಗೆಯ ಮಗಳ ಮದುವೆಲಿ ಹೇಳುಲೆ.

ಮೂರನೇ ಡಿಸ್ಕಿಲಿ ಬೂಸುರು ಒಳಂಗೆ ಇಳುದ್ದು, ಮಾಣಿಗೂ ಎಡಿಗಾಯಿದಿಲ್ಲೆ. ನಿಂಗಳ ಪೈಕಿ ಆರತ್ರಾರು ಅಂಗೈಯಷ್ಟು ದೊಡ್ಡ ಡಿವಿಡಿ ಹಾಕುವ ಹಳೆ ಕೆಮರ, ಚಾರ್ಜರು ಸಮೇತ, ಹಾಳಾಗದ್ದೆ ಅಟ್ಟಲ್ಲಿ ಬಿದ್ದೊಂಡಿದ್ದರೆ ಎನಗೆ ಒಂದು ಫೋನು ಮಾಡಿ. ಎರಡು ದಿನಕ್ಕೆ ಸಾಕು, ಜಾಗ್ರತೆಲಿ ತಿರುಗಿ ಕೊಡ್ತೆ.